ಹೊಂಗನೂರಿನ ಶೀಟಿನ ಕೆಳಗೆ

ಕನ್ನಡಿಯ ಚೌಕಟ್ಟಿಗೆ ಅಂಟಿಸಿಟ್ಟಿದ್ದ ಹಣೆಯ ಟಿಕಳಿ ಮಧ್ಯಾಹ್ನ ಮೂರರ ಹೊತ್ತಿಗೆ ಎರಡು ಬೆರಳಿನಷ್ಟು ಕೆಳಗೆ ಜಾರಿತ್ತು. ಮೊದಲಿದ್ದ ಜಾಗದಿಂದ ಈಗಿರುವ ಜಾಗದವರೆಗೆ ಅಂಟಿನ ಒಂದು ತೆಳು ಗೆರೆ. ಗೋಡೆಗೆ ನೇತುಹಾಕಿದ್ದ ಉಷ್ಣಮಾಪಕ ನಲವತ್ತೊಂದು ತೋರಿಸುತ್ತಿತ್ತು. ಅದನ್ನು ಬಿಚ್ಚಿಕೊಂಡು ಬೀದಿಗೆ ಬಂದು ಹುಣಸೆಮರದ ಕೆಳಗೆ ಸ್ವಲ್ಪ ಹೊತ್ತು ಹಿಡಿದು ನಿಂತೆ. ಮೂವತ್ತಾರು. ಮನೆಗಿಂತ ಬೀದಿ ತಂಪಾಗಿರುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ನಾನು ವಿಜಯಪುರದ ಕಡೆಯವಳು. ಬಿಸಿಲನ್ನು ಯಾರಿಂದಲೂ ಕಲಿಯಬೇಕಿಲ್ಲ. ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿಗೆ ಕೆಲಸಕ್ಕೆ ಹೋಗುತ್ತೇನೆಂದಾಗ ನಮ್ಮೂರಿನಲ್ಲಿ ನೀವೆಲ್ಲ ನಕ್ಕಿರಿ. 'ತೆಂಗಿನ ನೆಳ್ಳಾಗ ಇರಾಕ ಹೊಂಟಿ, ನಮ್ಮನ್ನ ಮರೀಬ್ಯಾಡ' ಎಂದಿರಿ. ತೆಂಗು ಇದೆ. ನೆರಳೂ ಇದೆ. ಹಿಪ್ಪುನೇರಳೆಯ ತೋಟಗಳು ರಸ್ತೆಯ ಎರಡೂ ಕಡೆ ಹಸಿರಾಗಿವೆ. ಆದರೆ ನೆರಳು ಬೀಳುವುದು ಗಿಡಗಳ ಬುಡಕ್ಕೆ. ಮನೆಗಳ ಮೇಲಿರುವುದು ಸಿಮೆಂಟಿನ ಶೀಟು.

ನಮ್ಮ ಮನೆಯನ್ನು ನೆನೆಸಿಕೊಳ್ಳಿ. ಮೊಳ ದಪ್ಪದ ಗೋಡೆ, ಮೇಲೆ ಗೇಣು ಮಣ್ಣು ಹಾಕಿದ ಮಾಳಿಗೆ, ನಡುವೆ ಬೆಳಕಿಂಡಿ. ಮೇ ತಿಂಗಳಲ್ಲಿಯೂ ಮಧ್ಯಾಹ್ನ ಪಡಸಾಲೆಯಲ್ಲಿ ಮಲಗಿದರೆ ಅಜ್ಜಿ ಕಾಲಿಗೊಂದು ಹಚ್ಚಡ ಎಳೆದುಕೊಳ್ಳುತ್ತಿದ್ದಳು. ಇಲ್ಲಿಯೂ ಹಿಂದೆ ನಾಡಹೆಂಚಿನ ಮನೆಗಳಿದ್ದವಂತೆ. ಕೋತಿಗಳು ಹೆಂಚು ಒಡೆಯುತ್ತವೆ, ಮಳೆಗಾಲಕ್ಕೆ ಮೊದಲು ಪ್ರತಿವರ್ಷ ಕೈಯಾಡಿಸಬೇಕು, ಆ ಕೆಲಸ ಬಲ್ಲವರು ಈಗಿಲ್ಲ. ಒಬ್ಬರು ಹೆಂಚು ಇಳಿಸಿ ಶೀಟು ಹಾಕಿಸಿದರು. ನೋಡಿ ಪಕ್ಕದವರು ಹಾಕಿಸಿದರು. ಹತ್ತು ವರ್ಷದಲ್ಲಿ ಊರಿನ ತಲೆಯೇ ಬದಲಾಯಿತು.

ನನ್ನ ಕೆಲಸ ಆ ತಲೆಯನ್ನು ಸ್ವಲ್ಪ ತಂಪು ಮಾಡುವುದು. ಒಂದು ಸಣ್ಣ ಸಂಸ್ಥೆ. ರಾಮನಗರದಲ್ಲಿ ಕಚೇರಿ. ಶೀಟಿನ ಮೇಲೆ ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಲೇಪ, ಕೆಳಗೆ ಹಲಗೆಯ ಒಳಮಾಡು, ಗೋಡೆಯ ಮೇಲುಭಾಗದಲ್ಲಿ ಬಿಸಿಗಾಳಿ ಹೊರಹೋಗಲು ಕಿಂಡಿ. ಖರ್ಚಿನಲ್ಲಿ ಅರ್ಧ ಸಂಸ್ಥೆಯದು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನನಗೆ ಇದು ಎಷ್ಟು ಸರಳವಾಗಿ ಕಂಡಿತೆಂದರೆ, ಮೂರು ತಿಂಗಳಲ್ಲಿ ಊರು ಮುಗಿಸಿ ಮಾಗಡಿಯ ಕಡೆ ಹೋಗಬಹುದೆಂದು ಅಂದುಕೊಂಡಿದ್ದೆ.

ಇಲ್ಲಿ ಯಾರೂ ಬೇಡವೆನ್ನುವುದಿಲ್ಲ. ಜಗಲಿಯಲ್ಲಿ ಕೂರಿಸುತ್ತಾರೆ, ನೀರು ಕೊಡುತ್ತಾರೆ, ಚಿತ್ರಗಳನ್ನು ನೋಡುತ್ತಾರೆ, ಕೊನೆಗೆ 'ನೋಡನ ಬುಡಿ' ಎನ್ನುತ್ತಾರೆ. ನೋಡೋಣ ಬಿಡಿ ಎಂದು ಅರ್ಥ. ಮೊದಲ ತಿಂಗಳು ನಾನು ಅದನ್ನು ಒಪ್ಪಿಗೆಯೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಎರಡನೆಯ ತಿಂಗಳು ಆ ಪುಟಗಳನ್ನು ಹರಿದೆ. 'ಒಸಿ' ಎಂಬ ಮಾತೂ ಹಾಗೆಯೇ. ಸ್ವಲ್ಪ ಎಂದು ಅರ್ಥ. 'ಒಸಿ ದಿನ ಬುಟ್ಟು ಬನ್ನಿ' ಎಂದರೆ ಬರಬೇಡಿ ಎಂದು.

ಯಾಕೆ ಹೀಗೆಂದು ತಿಳಿಯಲು ಬೀದಿಯನ್ನು ನೋಡಿದರೆ ಸಾಕಿತ್ತು. ಜಗಲಿಗೆ ಹೊಳೆಯುವ ಗ್ರಾನೈಟ್, ಮುಂದಿನ ಗೋಡೆಗೆ ಹೂವಿನ ಟೈಲ್ಸ್. ಹೆಣ್ಣು ಕೊಡುವವರು, ಹೆಣ್ಣು ಕೇಳುವವರು ಬಂದು ನಿಲ್ಲುವುದು ಅಲ್ಲಿ. ಮಾಡು ಬೀದಿಗೆ ಕಾಣುವುದಿಲ್ಲ. ಬೀದಿಯ ಹಿರಿಯ ಕೆಂಪಣ್ಣ ಹಿಂದೊಮ್ಮೆ ಸ್ನಾನದ ನೀರಿಗೆ ಸೋಲಾರ್ ಹಾಕಿಸಿದ್ದರು. ಅದೇ ವರ್ಷ ಇನ್ನೂ ಮೂರು ಮನೆಗಳ ಮೇಲೆ ಸೋಲಾರ್ ಬಂತು. ಅವುಗಳಲ್ಲಿ ಒಂದರ ಕೊಳವೆ ಇವತ್ತಿಗೂ ಬಚ್ಚಲಿಗೆ ಇಳಿದಿಲ್ಲ. ಆ ಮನೆಯಲ್ಲಿ ಈಗಲೂ ಹಂಡೆಗೆ ಸೌದೆಯೇ. ಕೆಂಪಣ್ಣ ಒಪ್ಪಿದರೆ ಬೀದಿ ಒಪ್ಪುತ್ತದೆ ಎಂದು ನನಗೆ ತಿಳಿದಿದ್ದು ಹೀಗೆ. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಯೊಂದರ ಹೆಂಗಸು ಇದನ್ನೇ ಇನ್ನೂ ನೇರವಾಗಿ ಹೇಳಿದರು: 'ನಮ್ ನಾದಿನಿ ಮನೇಲಿ ಮಾಡ್ಸಿ ತೋರ್ಸಿ. ಆಮೇಲೆ ನೀವ್ ಬರೋದೇ ಬ್ಯಾಡ, ನಾವೇ ಬತ್ತೀವಿ.'

ನಾನು ಬಾಡಿಗೆಗಿದ್ದುದು ಕೆಂಪಣ್ಣನ ತಮ್ಮನ ಮನೆಯಲ್ಲಿ. ತಮ್ಮ ತೀರಿಕೊಂಡಿದ್ದಾರೆ. ಅವರ ಹೆಂಡತಿ ಚಿಕ್ಕತಾಯಮ್ಮ, ಮಗ ಪುಟ್ಟಸ್ವಾಮಿ, ಸೊಸೆ ಸೌಮ್ಯ. ಅಣ್ಣತಮ್ಮಂದಿರ ಕಾಲದಲ್ಲೇ ಹೊಲ ಪಾಲಾಗಿದೆ, ಒಲೆ ಬೇರೆಯಾಗಿದೆ. ಬೀದಿಯಾಚೆಯ ರೇಷ್ಮೆ ಹುಳುವಿನ ಮನೆ ಮಾತ್ರ ಎರಡೂ ಮನೆಗೆ ಒಂದೇ. ನನ್ನ ಕೋಣೆ ಅವರ ಮನೆಯ ಪಕ್ಕಕ್ಕೆ ಅಂಟಿಕೊಂಡಿದೆ. ಗೋಡೆ ಒಂದೇ, ಬಾಗಿಲು ಬೇರೆ, ಶೀಟು ಬೇರೆ.

ಬಂದ ಮೊದಲ ವಾರ ನನ್ನ ಚಿಕ್ಕ ಒಲೆಯ ಗ್ಯಾಸ್ ಮುಗಿದಾಗ ಚಿಕ್ಕತಾಯಮ್ಮ ಬಾಗಿಲಲ್ಲಿ ನಿಂತು, 'ಒಬ್ಳು ಹೆಣ್ಮಗ್ಳು ಅದೇನ್ ಬೇಯಿಸ್ಕೊಂಡಿಯೆ? ಬಾ, ಉಣ್ಣು' ಎಂದರು. ಅಂದಿನಿಂದ ನನ್ನ ಊಟ ಅವರ ಒಲೆಯದು. ರೊಟ್ಟಿಗೆ ಒಗ್ಗಿದ ಕೈ ಮುದ್ದೆಯ ಮುಂದೆ ಪೆಚ್ಚಾಯಿತು. ಸೌಮ್ಯ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

'ಅಗೀಬ್ಯಾಡಿ ಅಕ್ಕ, ನುಂಗಿ.'

'ಗಂಟಲಾಗ ಸಿಕ್ಕರ?'

'ಸಿಕ್ಕಾಕ್ಕಳಲ್ಲ. ಸಾರಲ್ ಅದ್ದಿ, ಬಾಯಿಗಾಕಿ, ಸುಮ್ಕೆ ಇದ್ಬುಡಿ. ಅದೇ ಹೋಯ್ತದೆ.'

ಹೋಯಿತು. ಮೂರನೆಯ ವಾರ ನಾನು ಬಸ್ಸಾರಿಗೆ ಎರಡನೆಯ ಮುದ್ದೆ ಕೇಳಿದೆ. ಚಿಕ್ಕತಾಯಮ್ಮ ಮರುದಿನದಿಂದ ನನ್ನ ತಟ್ಟೆಯನ್ನು ಅತಿಥಿಗಳ ತಟ್ಟೆಯ ಸಾಲಿನಿಂದ ತೆಗೆದು ಮನೆಯವರ ತಟ್ಟೆಗಳ ಜೊತೆ ಕವುಚಿ ಇಟ್ಟರು. ಈ ಊರು ನನಗೆ ಕೊಟ್ಟದ್ದರಲ್ಲಿ ಅದಕ್ಕಿಂತ ದೊಡ್ಡದು ಇರಲಿಲ್ಲ. ನಿಮಗೆ ಆಗ ಬರೆಯಲಿಲ್ಲ. ಬರೆದರೆ ಕರಗಿಹೋದೀತೆಂಬ ಅಳುಕು.

ಹುಳುವಿನ ಮನೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲ. ನನ್ನನ್ನು ಬಿಟ್ಟದ್ದು ಎರಡು ತಿಂಗಳ ಮೇಲೆ, ಕಾಲು ತೊಳೆಸಿ, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿಸಿ. ಅದರ ಮೇಲೂ ಶೀಟೇ. ಆದರೆ ಶೀಟಿನ ಮೇಲೆ ತೆಂಗಿನ ಗರಿ ಮೂರು ಪದರ. ಗೋಡೆಯ ಕಿಂಡಿಗಳಿಗೆ ಒದ್ದೆ ಗೋಣಿಚೀಲ, ಅವುಗಳ ಮೇಲೆ ತೊಟ್ಟಿಕ್ಕುವ ಪೈಪು. ನಡುವಿನ ಕಂಬಕ್ಕೆ ಉಷ್ಣಮಾಪಕ. ಇಪ್ಪತ್ತೆಂಟು. ತಟ್ಟೆಗಳ ಮೇಲೆ ಹುಳುಗಳು ಎಲೆ ಕತ್ತರಿಸುವ ಸದ್ದು ತುಂತುರು ಮಳೆಯಂತೆ ಕೇಳುತ್ತಿತ್ತು. ನಾನು ಪುಸ್ತಕದಲ್ಲಿ ಓದಿ ಬಂದದ್ದೆಲ್ಲ ಇವರಿಗೆ ಆಗಲೇ ಗೊತ್ತಿತ್ತು, ನನಗಿಂತ ಚೆನ್ನಾಗಿ. ಬಿಸಿ ಎರಡು ಡಿಗ್ರಿ ಏರಿದರೆ ಹುಳುವಿಗೆ ರೋಗ ಬರುತ್ತದೆ, ಒಂದು ಬೆಳೆಯೇ ಹೋಗುತ್ತದೆ. ಹಾಗಾಗಿ ಹುಳುವಿಗೆ ಮಾಡಿದರು. ತಮಗೆ ಮಾಡಿಕೊಳ್ಳಲಿಲ್ಲ.

ಅಂದು ಎಲೆ ಹಾಕುತ್ತಿದ್ದ ಸೌಮ್ಯ ಕಂಬಕ್ಕೆ ಒರಗಿ ನಿಂತಿದ್ದಳು. ಆಗ ಅವಳಿಗೆ ಏಳು ತಿಂಗಳು.

'ಇಲ್ಲೇ ಇದ್ಬುಡನ ಅನ್ಸ್ತದೆ ಅಕ್ಕ,' ಎಂದಳು. ಆಮೇಲೆ, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು. 'ಹೋದ್ ವರ್ಸದ್ದು ನಿಲ್ನಿಲ್ಲ. ಎಂಟ್ರಲ್ಲಿ ಹೋಯ್ತು. ಈ ಸಲ ಸರೀ ಬ್ಯಾಸ್ಗೇಲಿ ಬಿದ್ದೈತೆ. ನಂಗೆ ಅವ್ವ ಇಲ್ಲ, ತೌರಿಗೋದ್ರೆ ಯಾರ್ ನೋಡ್ಕಂಡಾರು? ಬಾಣಂತನ ಇಲ್ಲೇಯ, ನಮ್ ರೂಮಲ್ಲೇಯ. ಮಗೀಗೆ ಗಾಳಿ ಸೋಕ್ಬಾರ್ದು ಅಂತ ಕಿಟ್ಕಿ ಎಲ್ಲ ಹಾಕ್ಬುಡ್ತಾರೆ. ಆ ಶೀಟ್ ಕೆಳ್ಗೆ ಮಗ ಉಳ್ಕತದಾ ಅಕ್ಕ?'

ಅವಳ ಕೋಣೆಯಲ್ಲಿ ಒಂದು ಉಷ್ಣಮಾಪಕ ಇಟ್ಟಿದ್ದೆ. ಅಲ್ಲಿಯೂ ನಲವತ್ತೊಂದೇ. ಚಿಕ್ಕ ಕೋಣೆ, ಒಂದೇ ಕಿಟಕಿ.

'ನೀವ್ ಹೆಂಗಾರ ಮಾಡಿ ನಮ್ಮತ್ತೆಗೆ ಹೇಳಿ. ನಾ ಹೇಳ್ದೆ ಅಂತ ಮಾತ್ರ ಹೇಳ್ಬ್ಯಾಡಿ.'

ಅಂದೇ ಸಂಜೆ ಚಿಕ್ಕತಾಯಮ್ಮನಿಗೆ ಹೇಳಿದೆ. ಲೇಪದ ಡಬ್ಬ ತೋರಿಸಿದೆ, ಒಳಮಾಡಿನ ಚಿತ್ರ ತೋರಿಸಿದೆ. ಅವರು ಚಿತ್ರ ನೋಡಲಿಲ್ಲ, ನನ್ನ ಮುಖ ನೋಡಿದರು.

'ಹೊಟ್ಟೇಲಿ ಕೂಸಿರೋ ಹಟ್ಟಿಗೆ ಏಣಿ ಹಾಕಾದುಂಟಾ? ಮೊಳೆ ಹೊಡ್ಯಾದುಂಟಾ? ಅಷ್ಟ್ ಓದ್ಕಂಡಿರೋಳು, ಇಷ್ಟೂ ತಿಳೀದಾ?'

ಹಟ್ಟಿ ಎಂದರೆ ಇಲ್ಲಿ ಮನೆ. ಬಸುರಿಯಿರುವ ಮನೆಗೆ ಕಟ್ಟುವ, ಕೆಡಹುವ, ರಿಪೇರಿಯ ಕೆಲಸ ಯಾವುದೂ ಕೂಡದು. ನಮ್ಮ ಕಡೆಯೂ ಇದೆಯಲ್ಲ, ಬಸುರಿಯ ಗಂಡ ಪಾಯ ತೋಡುವುದಿಲ್ಲ. ನಾನು ಅದನ್ನು ನಮ್ಮೂರಿನಲ್ಲೇ ಬಿಟ್ಟು ಬಂದಿದ್ದೆ.

'ಹೆರ್ಗೆ ಆಗ್ಲಿ, ಆಮ್ಯಾಕೆ ನೋಡನ ಬುಡವ್ವ,' ಎಂದು ಅವರು ಎದ್ದು ಒಳಗೆ ಹೋದರು.

ಹೆರಿಗೆಯ ಮೇಲೆ ಬಾಣಂತಿ ಕೋಣೆಯ ಮುಂದೆ ಸುತ್ತಿಗೆ ಸದ್ದು ಮಾಡಲು ಯಾರೂ ಬಿಡುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಒಂದು ತಿಂಗಳು ಕಾದೆ. ಕೆಂಪಣ್ಣನನ್ನು ಒಪ್ಪಿಸಿದರೆ ಚಿಕ್ಕತಾಯಮ್ಮ ಒಪ್ಪಿಯಾರೆಂದು ಲೆಕ್ಕ ಹಾಕಿದೆ. ಕೆಂಪಣ್ಣ ಸಿಗುವುದು ಹಾಲಿನ ಡೈರಿಯಲ್ಲಿ, ಸಂಜೆ ಆರಕ್ಕೆ. ಊರೂ ಅಲ್ಲಿಯೇ ಸಿಗುತ್ತದೆ. ನಾನು ಹೋದಾಗ ಕ್ಯಾನು ಹಿಡಿದು ಸಾಲಿನಲ್ಲಿ ಹತ್ತು ಹನ್ನೆರಡು ಜನ, ಕೊನೆಯಲ್ಲಿ ಪುಟ್ಟಸ್ವಾಮಿ.

'ಬನ್ನಿ ಬನ್ನಿ ಮೇಡಮ್ಮೋರೆ,' ಎಂದರು ಕೆಂಪಣ್ಣ. 'ಇವತ್ ಯಾರ್ ಮನೆ ತಲೆಗೆ ಸುಣ್ಣ ಬಳಿಯಕ್ ಹೊಂಟ್ರಿ?'

ಸಾಲಿನಲ್ಲಿದ್ದ ಒಬ್ಬ ಮುಂದಿನವನ ಬೆನ್ನಿಗೆ ಗುದ್ದಿದ. 'ಏನ್ಲಾ, ನಿನ್ ಬೋಳ್ತಲೆಗೂ ಬಳುಸ್ಕಳ್ಳಲಾ, ತಂಪಾಯ್ತದೆ.'

'ನಿನ್ ಬಾಯ್ಗೆ ಮೊದ್ಲು ಬಳುಸ್ಕೊ ಕಣ್ಲಾ.'

ಎಲ್ಲರೂ ನಕ್ಕರು. ನಾನೂ ನಗಲು ಯತ್ನಿಸಿದೆ. ಕೆಂಪಣ್ಣ ಕೆಟ್ಟವರಲ್ಲ, ಅವರಿಗೆ ನನ್ನ ಮೇಲೆ ಒಂದು ಬಗೆಯ ವಾತ್ಸಲ್ಯವೇ ಇತ್ತು. 'ಕೇಳಿ ಇಲ್ಲಿ,' ಎಂದರು. 'ನಮ್ಮಪ್ಪ, ನಮ್ ತಾತ ಎಲ್ಲ ಬಿಸ್ಲಲ್ಲೇ ಬದುಕ್ನಿಲ್ವಾ? ಮನ್ಸ ಅಂದ್ಮೇಲೆ ಒಸಿ ಬೆವರ್ಬೇಕು ಕಣ್ರವ್ವ. ಬೆವರ್ದಂಗೆ ಇರಕ್ಕೆ ನಾವೇನ್ ರೇಷ್ಮೆ ಹುಳ್ವಾ?'

ಮತ್ತೆ ನಗು. ಅದು ನನ್ನ ತಲೆಗೆ ಏರಿತು. ನಾನು ಹೆಚ್ಚು ಮಾತಾಡುವವಳಲ್ಲ, ನಿಮಗೆ ಗೊತ್ತು. ನೋಟ್‌ಬುಕ್ ತೆಗೆದೆ. ನನ್ನ ಬಾಯಿಂದ ಬಂದದ್ದು ನಮ್ಮೂರಿನ ಮಾತು, ನಮ್ಮೂರಿನ ದನಿ.

'ನಿಮ್ಮ ಹುಳಾ ಇಪ್ಪತ್ತೆಂಟರಾಗ ಅದಾವ್ರಿ. ನಿಮ್ಮ ತಮ್ಮನ ಸೊಸಿ ಎಂಟು ತಿಂಗಳ ಬಸುರಿ, ನಲವತ್ತೊಂದರಾಗ ಮಲಗ್ತಾಳ. ದಿನಾ ಬರದೀನಿ, ನೋಡ್ರಿ ಇಲ್ಲಿ. ಹುಳದಷ್ಟೂ ಕಿಮ್ಮತ್ತಿಲ್ಲೇನ್ರಿ ಆಕೀಗಿ?'

ಪುಟ್ಟಸ್ವಾಮಿ ಸಾಲು ದಾಟಿ ಮುಂದೆ ಬಂದು ಕ್ಯಾನನ್ನು ಕಟ್ಟೆಯ ಮೇಲೆ ಇಟ್ಟ. ಹಾಲು ಅಳೆಯಿಸದೆ, ಚೀಟಿ ತೆಗೆದುಕೊಳ್ಳದೆ ನಡೆದುಬಿಟ್ಟ. ಕೆಂಪಣ್ಣ ಹೆಗಲ ಮೇಲಿನ ಟವೆಲನ್ನು ಒಮ್ಮೆ ಕೊಡವಿ ಮತ್ತೆ ಹಾಕಿಕೊಂಡರು. ಅವರ ಕಣ್ಣಿನಲ್ಲಿ ಕೋಪವಿರಲಿಲ್ಲ. ನಾನು ಯಾರೋ ಎಂಬಂತೆ ನೋಡಿದರು.

ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲು ಬಂದಿತ್ತು. ಚಿಕ್ಕತಾಯಮ್ಮ ನನಗೆ ಮುದ್ದೆ ಇಕ್ಕಿದರು, ಸಾರು ಬಿಟ್ಟರು. ತಟ್ಟೆ ಅತಿಥಿಗಳದು.

'ನಮ್ ಹಟ್ಟಿ ಒಳಗಿನ್ ಬಿಸೀನ ಡೈರಿ ಮುಂದೆ ಅಳ್ದು ತೋರುಸ್ಬುಟ್ಟಲ್ಲವ್ವ,' ಎಂದರು. 'ಸೊಸೇನ ಸುಡ್ತಾವ್ಳೆ ಅಂತ ಊರೆಲ್ಲ ಅನ್ಲಿ ಅಂತಾವ?'

ಸೌಮ್ಯ ಒಳಗಿನಿಂದ ಬರಲಿಲ್ಲ. ಅವಳು ನನ್ನನ್ನು ಕೇಳಿದ್ದು ಒಂದೇ: ತಾನು ಹೇಳಿದೆನೆಂದು ಹೇಳಬೇಡ. ನಾನು ಹೇಳಿರಲಿಲ್ಲ. ಆದರೆ ಅವಳ ಕೋಣೆಯೊಳಗಿನದನ್ನು ಬೀದಿಗೆ ಹರಡಿದ ಮೇಲೆ ಅದರಿಂದ ಏನಾಯಿತು? ನನ್ನ ಪೆಟ್ಟಿಗೆಯನ್ನು ನನ್ನ ತಾಯಿ ತೆರೆದರೂ ಸಹಿಸದವಳು ನಾನು.

ಮರುದಿನ ಬೆಳಿಗ್ಗೆ ಪುಟ್ಟಸ್ವಾಮಿ ಬೈಕಿಗೆ ಸೊಪ್ಪಿನ ಹೊರೆ ಬಿಗಿಯುತ್ತಿದ್ದಾಗ ನಾನು ಹೋಗಿ ನಿಂತೆ. ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಅವನು ಮಾತಾಡಿದ, ಹಗ್ಗದ ಮೇಲೆಯೇ ಕಣ್ಣಿಟ್ಟು.

'ಮೇಡಂ, ಹೋದ್ ವರ್ಸ ಸೋರ್ತಿತ್ತು ಅಂತ ನಾನೇ ಮ್ಯಾಲತ್ತಿ ಎರಡ್ ಬೋಲ್ಟ್ ಹೊಡ್ದೆ. ಅವ್ಳಿಗೆ ಎಂಟಾಗಿತ್ತು. ಅವ್ವ ಬ್ಯಾಡ ಕಣ್ಲಾ ಅಂದ್ಲು, ನಾ ಕೇಳ್ನಿಲ್ಲ. ಒಂದ್ ವಾರ ಆಗ್ನಿಲ್ಲ, ಮಗ ಹೋಯ್ತು.'

'ಅದಕ್ಕೂ ಇದಕ್ಕೂ...'

'ಸಂಬಂಧ ಇಲ್ಲ. ಡಾಕ್ಟ್ರೂ ಅಂದ್ರು. ನಂಗೂ ಗೊತ್ತು.' ಹಗ್ಗದ ಗಂಟು ಎಳೆದ. 'ಆದ್ರೂ ಸುತ್ಗೆ ಮುಟ್ಟಕ್ಕೆ ಕೈ ಬರಾಕಿಲ್ಲ ಮೇಡಂ.'

ಅವನು ಹೋದ ಮೇಲೆ ನಾನು ಅಲ್ಲಿಯೇ ನಿಂತಿದ್ದೆ. ನನ್ನ ನೋಟ್‌ಬುಕ್ಕಿನಲ್ಲಿ ಇದಕ್ಕೆ ಅಂಕಣವಿರಲಿಲ್ಲ. ಮೂರು ತಿಂಗಳಿಂದ ಇವರಿಗೆ ಬಿಸಿಯ ಅರಿವಿಲ್ಲವೆಂದು ತಿಳಿದು ಅರಿವು ಮೂಡಿಸುತ್ತಿದ್ದೆ. ಅವರು ಪ್ರತಿರಾತ್ರಿ ಆ ಎರಡು ಬೋಲ್ಟಿನ ಕೆಳಗೆ ಮಲಗುತ್ತಿದ್ದರು.

ಅದೇ ದಿನ ಕಚೇರಿಗೆ ಕರೆ ಬಂತು. ರಾಮನಗರಕ್ಕೆ ಹೋದೆ. ತಿಂಗಳ ಕೊನೆಯೊಳಗೆ ಒಂದು ಮನೆಯಾದರೂ ಆಗದಿದ್ದರೆ ಹೊಂಗನೂರನ್ನು ಪಟ್ಟಿಯಿಂದ ತೆಗೆಯುತ್ತಾರೆ. ನಾನು ಕನಕಪುರಕ್ಕೋ ಮಾಗಡಿಗೋ ಹೋಗಬಹುದು, ಅಥವಾ ಬಿಡಬಹುದು. ನಾನಿರುವ ಬಾಡಿಗೆ ಕೋಣೆಗೆ ಲೇಪ ಹಾಕಿದರೆ ಆದೀತೇ ಎಂದು ಕೇಳಿದೆ. ಬಾಡಿಗೆದಾರರ ಕೋಣೆ, ಅದೂ ಸಿಬ್ಬಂದಿಯದು, ಲೆಕ್ಕಕ್ಕೆ ಬರುವುದಿಲ್ಲ ಎಂದರು. ಮನೆಯವರು ತಾವಾಗಿ ತೀರ್ಮಾನಿಸಬೇಕು.

ಮರಳುವ ಬಸ್ಸಿನಲ್ಲಿ ಕೂರಲಾಗದೆ ಕೆಂಗಲ್‌ನಲ್ಲಿ ಇಳಿದೆ. ಆಂಜನೇಯನ ಗುಡಿಯ ಮುಂದಿನ ಕಟ್ಟೆಯ ಮೇಲೆ ಕುಳಿತು ಮನೆಗೆ ಫೋನ್ ಮಾಡಿದೆ. ಏನೂ ಹೇಳಿಕೊಳ್ಳಲಿಲ್ಲ, ನನ್ನ ದನಿಯೇ ಹೇಳಿರಬೇಕು.

'ಬಂದ್ಬಿಡ ನನ್ನವ್ವಾ,' ಎಂದಳು ತಾಯಿ. 'ಯಾಕ ಅಲ್ಲಿ ಒಬ್ಬಾಕೀನ ಸಾಯಾಕತ್ತಿ? ಬಾ, ಮನಿ ಕೆಲಸಾನೂ ನಡದೈತಿ.'

'ಯಾವ ಕೆಲಸ?'

'ನಿಮ್ಮಪ್ಪ ಮಾಳಿಗಿ ತಗಸ್ಯಾನ. ಮಣ್ಣೆಲ್ಲ ಹೊರಗ ಹಾಕಿ ಪತ್ರಾಸ ಹೊಚ್ಚಾಕತ್ತಾರ. ಬಾಜೂ ಮನಿಯವರು ಹೊಚ್ಚಿದ್ರು, ಚಂದ ಕಾಣ್ತೈತಿ. ಮಂದಿ ನಮ್ಮನಿ ಒಂದ ಹಳೇದು ಅಂತಿದ್ರು.'

ಪತ್ರಾಸವೆಂದರೆ ತಗಡು ಎಂದು ನಿಮಗೆ ಹೇಳಬೇಕಿಲ್ಲ. ಬೇಡವೆಂದೆ. ಬಿಸಿಲಿಗೆ ಕಾಯುತ್ತದೆ, ನಾನು ಇದೇ ಕೆಲಸ ಮಾಡುತ್ತೇನೆ, ನನ್ನ ಮಾತು ಕೇಳಿ ಎಂದೆ. ತಾಯಿ ಅಪ್ಪನಿಗೆ ಫೋನ್ ಕೊಟ್ಟಳು. ಅಪ್ಪ ಎಲ್ಲ ಕೇಳಿಸಿಕೊಂಡು, 'ನೋಡೂಣಂತ ಬಿಡು' ಎಂದರು.

ಎದುರಿನ ಹೆದ್ದಾರಿಯಲ್ಲಿ ಬೆಂಗಳೂರಿನ ಕಡೆಗೂ ಮೈಸೂರಿನ ಕಡೆಗೂ ವಾಹನಗಳು ಹರಿಯುತ್ತಲೇ ಇದ್ದವು. ಎದ್ದು ಹೋಗಿ ಯಾವ ಬಸ್ಸನ್ನಾದರೂ ಹತ್ತಬಹುದಿತ್ತು. ಹಿಂತಿರುಗಿ ಹೋದರೆ ಇರುವ ಮನೆ ನನ್ನ ತಲೆಯಲ್ಲಿದ್ದ ಮನೆಯಲ್ಲ. ಇಲ್ಲಿರುವ ಮನೆ ನನ್ನದಾಗಿದ್ದು ಕೆಲವು ವಾರ. ಅದನ್ನು ನಾನೇ ಕಳೆದುಕೊಂಡಿದ್ದೆ. ಗುಡಿಯೊಳಗೆ ಹೋಗಲಿಲ್ಲ. ಏನು ಕೇಳಬೇಕೆಂದು ತಿಳಿಯಲಿಲ್ಲ.

ಸಂಜೆ ಹೊಂಗನೂರಿಗೆ ಬಂದಾಗ ಚಿಕ್ಕತಾಯಮ್ಮ ಜಗಲಿಯಲ್ಲಿ ರಾಗಿ ಕೇರುತ್ತಿದ್ದರು. ನಾನು ಮೆಟ್ಟಿಲ ಕೆಳಗೆ ನಿಂತು, 'ಅಮ್ಮಾ, ನಂದು ತಪ್ಪಾಗೇತ್ರಿ. ನಿಮ್ಮ ಮನಿ ಮಾತು ನಾ ಹೊರಗ ಆಡಬಾರದಿತ್ತು' ಎಂದೆ. ಬೋಲ್ಟಿನ ಸಂಗತಿ ಗೊತ್ತಾಯಿತೆಂದೂ ಹೇಳಿದೆ. ಇನ್ನು ಲೇಪದ ಮಾತು ಎತ್ತುವುದಿಲ್ಲವೆಂದೂ ಹೇಳಿದೆ.

ಮೊರ ಏರಿತು, ಇಳಿಯಿತು. ಹೊಟ್ಟು ಹಾರಿ ನನ್ನ ಕಾಲ ಮೇಲೆ ಬಿತ್ತು.

'ನಾಳೆಯಿಂದ ನಿನ್ ಒಲೆ ನೀನ್ ಹಚ್ಕೊ,' ಎಂದರು.

ನಿರೀಕ್ಷಿಸಿದ್ದೇ. 'ಆತ್ರಿ' ಎಂದೆ.

'ಕೇಳ್ದಾ? ನಮ್ ಒಲೇದು ಒಂದ್ ತುತ್ತೂ ಮುಟ್ಬ್ಯಾಡ. ಒಂದ್ ಲೋಟ ನೀರೂ ಬ್ಯಾಡ. ಬಾಗ್ಲು ತಗ್ದು ಹಚ್ಚು, ಬೀದಿಲಿರೋರ್ ಕಣ್ಗೆ ಕಾಣಂಗೆ. ಹಾಲುಕ್ಸು.'

ಹಾಲು ಉಕ್ಕಿಸುವುದು ಹೊಸ ಮನೆ ಹೂಡುವಾಗ. ನಾನು ಅವರ ಮುಖ ನೋಡಿದೆ. ಅವರು ರಾಗಿಯನ್ನೇ ನೋಡುತ್ತಿದ್ದರು.

'ಒಲೆ ಬ್ಯಾರೆ ಆದ್ರೆ ಹಟ್ಟಿ ಬ್ಯಾರೆ. ನಾವು ಪಾಲಾದಾಗ ನ್ಯಾಯ ಹೇಳಿದ್ದು ನಮ್ ಭಾವ್ನೋರೇಯ. ಗೋಡೆ ಒಂದೇ ಇದ್ರೂವೆ ಒಲೆ ಎರಡಾದ್ರೆ ಹಟ್ಟಿ ಎರಡು ಅಂದಿದ್ರು. ಇಲ್ಲೀಗಂಟ ನಮ್ ಒಲೇಲಿ ಉಂಡೆ, ಅದ್ಕೆ ಆ ರೂಮೂ ನಮ್ ಹಟ್ಟಿನೇ ಆಗಿತ್ತು. ಬ್ಯಾರೆ ಹಟ್ಟಿ ಮ್ಯಾಲೆ ಯಾರ್ ಏಣಿ ಹಾಕುದ್ರೆ ನನಗೇನು?' ಭಾವನೆಂದರೆ ಕೆಂಪಣ್ಣ. ಮೊರವನ್ನು ತೊಡೆಯ ಮೇಲಿಟ್ಟರು. 'ಮೊಳೆ ಬ್ಯಾಡ. ಸುತ್ಗೆ ಸದ್ದು ಆ ಹುಡ್ಗಿ ಕಿವೀಗೆ ಬೀಳ್ಬಾರ್ದು. ಬಾಣಂತೀನ ಯಾವ್ ರೂಮಲ್ ಮಲುಗುಸ್ಕಂಡ್ರೆ ಯಾರ್ ಕೇಳಾರು?'

ಆಗ ಅರ್ಥವಾಯಿತು: ಲೇಪ ನನ್ನ ಕೋಣೆಗೆ, ಸೌಮ್ಯಳ ಬಾಣಂತನವೂ ಅಲ್ಲಿಯೇ. ಅವರು ಇದನ್ನು ಎಷ್ಟು ದಿನದಿಂದ ಯೋಚಿಸಿದ್ದರೋ. ನಾನು ಡೈರಿಯಲ್ಲಿ ಬಾಯಿ ಬಿಡದಿದ್ದರೆ ಬೇಗ ಹೇಳುತ್ತಿದ್ದರೋ, ಅಥವಾ ಹೇಳುತ್ತಲೇ ಇರಲಿಲ್ಲವೋ. ನನ್ನ ಕೋಣೆ ಅವರ ಮನೆಯಾದದ್ದು ನಾನು ಅವರ ತಟ್ಟೆಯಲ್ಲಿ ಉಂಡಿದ್ದರಿಂದ. ಅದನ್ನು ಮತ್ತೆ ನನ್ನದು ಮಾಡಬೇಕಾದರೆ ಉಣ್ಣುವುದನ್ನು ಬಿಡಬೇಕು, ಊರು ನೋಡುವಂತೆ ಬಿಡಬೇಕು.

ಸೌಮ್ಯಳ ಬಾಣಂತನ ಮುಗಿಯುವವರೆಗೆ ನಾನು ಅವಳ ಕೋಣೆಯಲ್ಲಿ ಮಲಗಬೇಕಾಗುತ್ತದೆ, ಆ ಬೋಲ್ಟುಗಳ ಕೆಳಗೆ, ಆದರೂ ಅವರ ಒಲೆಯಿಂದ ದೂರ. ಹೊಂಗನೂರು ನನ್ನ ಪಟ್ಟಿಯಲ್ಲಿ ಸೊನ್ನೆಯಾಗಿಯೇ ಉಳಿಯುತ್ತದೆ, ಕೆಲಸಕ್ಕೆ ಇಲ್ಲಿಂದಲೇ ಮಾಗಡಿಗೋ ಕನಕಪುರಕ್ಕೋ ಓಡಾಡಬೇಕು. ಇದಕ್ಕಿಂತ ಭಾರವಾಗಿ ನನ್ನನ್ನು ಕಾಡಿದ್ದು ಇನ್ನೊಂದು. ಮೊಳೆಯಿಲ್ಲದೆ ಒಳಮಾಡು ಕೂರುವುದಿಲ್ಲ. ಬರೀ ಲೇಪದಿಂದ ಕೆಲವು ಡಿಗ್ರಿ ಇಳಿದೀತು, ಅಷ್ಟೇ. ಆ ಕೆಲವು ಡಿಗ್ರಿ ಒಂದು ಹಸುಗೂಸಿಗೆ ಸಾಲುತ್ತದೋ ಇಲ್ಲವೋ ನಾನು ಓದಿದ ಯಾವುದೂ ಹೇಳುವುದಿಲ್ಲ.

ಮರುದಿನ ಬೆಳಿಗ್ಗೆ ನಾನು ಬಾಗಿಲನ್ನು ಹಿಂದಕ್ಕೆ ಪೂರ್ತಿ ತೆರೆದಿಟ್ಟು ಒಲೆ ಹಚ್ಚಿ ಹಾಲಿಟ್ಟೆ. ನೀರು ಹಿಡಿಯಲು ಬಂದ ಹೆಂಗಸರು ಬಿಂದಿಗೆ ಸೊಂಟಕ್ಕಿಟ್ಟುಕೊಂಡು ನಿಂತು ನೋಡಿದರು. ಹಾಲು ಉಕ್ಕಿ ಒಲೆಯ ಮೇಲೆ ಹರಿಯುವವರೆಗೆ ನಾನು ಉರಿ ತಗ್ಗಿಸಲಿಲ್ಲ. ಮುದ್ದೆ ತಿರುವಲು ಹೋಗಿ ಗಂಟಾಯಿತು. ಅದನ್ನೇ ಹೊಸ್ತಿಲ ಬಳಿ ಕುಳಿತು ಉಂಡೆ. ಸೌಮ್ಯ ತನ್ನ ಬಾಗಿಲಲ್ಲಿ ನಿಂತಿದ್ದಳು.

ಪುಟ್ಟಸ್ವಾಮಿ ಬೆಳಕಾಗುವ ಮೊದಲೇ ತೋಟಕ್ಕೆ ಹೋಗಿದ್ದ. ಅವನು ಏಣಿ ಮುಟ್ಟುವಂತಿರಲಿಲ್ಲ, ನೋಡುವಂತೆಯೂ ಇರಲಿಲ್ಲ. ಪಕ್ಕದ ಬೀದಿಯಿಂದ ಕೇಳಿ ತಂದ ಏಣಿಯನ್ನು ನಾನು ಬೀದಿಯ ಕಡೆಯ ಗೋಡೆಗೆ ಒರಗಿಸಿ, ಅದರ ಕಾಲಿಗೆ ಎರಡು ಕಲ್ಲು ಒತ್ತಿಟ್ಟೆ. ಲೇಪವನ್ನು ಬಕೆಟ್ಟಿಗೆ ಸುರಿದೆ. ಅಷ್ಟರಲ್ಲಿ ಕೆಂಪಣ್ಣ ಹುಳುವಿನ ಮನೆಯಿಂದ ಹೊರಬಂದು ನಡುಬೀದಿಯಲ್ಲಿ ನಿಂತರು. ಡೈರಿಯ ಸಂಜೆಯ ಮೇಲೆ ಅವರು ನನ್ನ ಜೊತೆ ಮಾತಾಡಿದ್ದು ಅದೇ ಮೊದಲು. ಬೀದಿಗೆಲ್ಲ ಕೇಳುವ ಹಾಗೆ ಕೇಳಿದರು.

'ಯಾರ್ ಹಟ್ಟಿಗವ್ವ ಏಣಿ?'

'ನಂದೈತ್ರಿ. ನನ್ನ ಹಟ್ಟಿ.'

'ಒಲೆ?'

'ಬ್ಯಾರೆ.'

ಅವರು ನನ್ನ ತೆರೆದ ಬಾಗಿಲೊಳಗೆ ನೋಡಿದರು. ಒಲೆಯ ಮೇಲೆ ಹಾಲು ಸೀದ ಕಲೆಯನ್ನು ನೋಡಿದರು. ಟವೆಲು ಕೊಡವಿದರು.

'ಶೀಟ್ ಮಧ್ಯಕ್ ಕಾಲಿಕ್ಬ್ಯಾಡಿ, ಮುರುದ್ಬುಡ್ತದೆ. ಬೋಲ್ಟಿನ್ ಸಾಲಲ್ಲೇ ಇಕ್ಕಿ,' ಎಂದು ಹೇಳಿ ಹೋದರು.

ನಾನು ಸೆರಗು ಸಿಕ್ಕಿಸಿ, ಬಕೆಟ್ ಹಿಡಿದು ಹತ್ತಿದೆ. ಬೋಲ್ಟಿನ ಸಾಲಿನ ಮೇಲೆ ಕಾಲಿಟ್ಟೆ. ಬಿಸಿಲು ಏರುವ ಮೊದಲು ಅರ್ಧ ಮಾಡು ಬಳಿದೆ.